ಪೂಜೆಗೆ ನಿಂತ ಸರ್ವರ್

ವಿಜಯದಶಮಿಯ ಬೆಳಿಗ್ಗೆ ಶಿವಮೊಗ್ಗದ ಮೇಲೆ ದಟ್ಟ ಮಂಜು ಕೂತಿತ್ತು. ಹಿಂದಿನ ಸಂಜೆ ಹಿಂಗಾರಿನ ಒಂದು ಮಳೆ ಬಂದು ಹೋಗಿದ್ದರಿಂದ ನೆಲ ಇನ್ನೂ ಆರಿರಲಿಲ್ಲ. ರವೀಂದ್ರನಗರದ ಅಡ್ಡರಸ್ತೆಗಳಲ್ಲಿ ಒಡೆದ ಬೂದುಗುಂಬಳದ ಹೋಳುಗಳು ಕುಂಕುಮದ ನೀರು ಕುಡಿದು ಬಿದ್ದಿದ್ದವು. ಮನೆಗಳ ಮುಂದೆ ನಿಂತ ಸ್ಕೂಟರು, ಲೂನಾಗಳ ಕೊರಳಿನ ಸೇವಂತಿಗೆ ಹಾರದಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಹಾಲಿನವನು ಮೊದಲು ಸೈಕಲ್ಲಿನ ಬೆಲ್ಲಾಗಿ ಬಂದು, ಆಮೇಲೆ ಮನುಷ್ಯನಾಗಿ ಕಂಡ.

ಆ ಮಂಜಿನಲ್ಲಿ ಪರಮೇಶ್ ತಲೆಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟು, ಕೈಯಲ್ಲಿ ತೆಂಗಿನಕಾಯಿ, ಕರ್ಪೂರ ಹಿಡಿದು ಹಾಲಮ್ಮ ಸ್ಮಾರಕ ರಕ್ತನಿಧಿಯ ಕಡೆ ನಡೆದ. ಅಲ್ಲಿನ ಕಂಪ್ಯೂಟರುಗಳ ಹೊಣೆ ಅವನದು. ಪೂಜೆಗೆಂದು ನಿನ್ನೆ ನಿಲ್ಲಿಸಿದ್ದ ದೊಡ್ಡ ಯಂತ್ರವನ್ನು ಇವತ್ತು ಎಬ್ಬಿಸಬೇಕಿತ್ತು.

ನಿಲ್ಲಿಸಬೇಕೆಂದು ಹೇಳಿದ್ದೂ ಅವನೇ. ಅವನ ತಂದೆ ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಆಯುಧಪೂಜೆಯ ದಿನ ಸ್ಪ್ಯಾನರು, ಸುತ್ತಿಗೆಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ದೇವರ ಮುಂದೆ ಇಟ್ಟರೆಂದರೆ ಮರುದಿನ ಹೊತ್ತು ಮೂಡುವ ತನಕ ಮನೆಯಲ್ಲಿ ನಲ್ಲಿ ಸೋರಿದರೂ ಮುಟ್ಟುತ್ತಿರಲಿಲ್ಲ. ವರ್ಷವಿಡೀ ದುಡಿದ ವಸ್ತು ಒಂದು ದಿನ ಸುಮ್ಮನೆ ಕೂತು ಕೈ ಮುಗಿಸಿಕೊಳ್ಳಲಿ ಎಂಬುದು ಅವರ ಮಾತು. ಅದನ್ನು ಕೇಳಿಕೊಂಡೇ ಬೆಳೆದ ಪರಮೇಶನಿಗೆ ರಕ್ತನಿಧಿಯ ಒಳಕೋಣೆಯ ಯೂನಿಕ್ಸ್ ಯಂತ್ರವನ್ನು ನೋಡಿದಾಗಲೆಲ್ಲ ಮನಸ್ಸಿಗೆ ಒಂಥರಾ ಆಗುತ್ತಿತ್ತು. ಬಂದು ಕೂತಾಗಿನಿಂದ ಅದು ಕಣ್ಣು ಮುಚ್ಚಿದ್ದಿಲ್ಲ. ಕರೆಂಟು ಹೋದರೆ ಯುಪಿಎಸ್, ಯುಪಿಎಸ್ ಸೋತರೆ ಜನರೇಟರ್. ಹೋದ ಎರಡು ದಸರೆಗಳಲ್ಲೂ ಗುಯ್ಯೆನ್ನುತ್ತಲೇ ಕುಂಕುಮ ಹಚ್ಚಿಸಿಕೊಂಡಿತ್ತು.

"ಈ ಸಲ ಅದಕ್ಕೂ ಒಂದಿನ ರಜ ಕೊಡೋಣ ಸರ್" ಎಂದಾಗ ಮ್ಯಾನೇಜರ್ ಗಣಪಯ್ಯ ಕನ್ನಡಕದ ಮೇಲಿಂದ ನೋಡಿದ್ದರು.

"ನಿಲ್ಲಿಸಿದ್ರೆ ಮತ್ತೆ ಏಳುತ್ತೇನಪ್ಪಾ ಅದು?"

"ಏಳದೆ ಏನು ಸರ್? ಭದ್ರಾವತಿ ಬ್ರಾಂಚಿನದು ದಿನಾ ಸಾಯಂಕಾಲ ಮಲಗಿ ದಿನಾ ಬೆಳಿಗ್ಗೆ ಏಳ್ತಾ ಇಲ್ವಾ? ಎರಡರ ಒಳಗೂ ಇರೋದು ಅದೇ ಪ್ರೋಗ್ರಾಮು."

ಅಲ್ಲಿಯೇ ಅವನು ಎಡವಿದ್ದು. ಆದರೆ ಎಡವಿದ್ದು ಅವನಿಗಿನ್ನೂ ತಿಳಿದಿರಲಿಲ್ಲ.

ಬಾಗಿಲು ತೆರೆದು ದೀಪ ಹಚ್ಚಿದ. ಕರ್ಪೂರ ಬೆಳಗಿ, ಕಾಯಿ ಒಡೆದು, ಯಂತ್ರದ ಮೇಲಿನ ಹಾರವನ್ನು ಗಾಳಿಕಿಂಡಿಗೆ ಅಡ್ಡವಾಗದಂತೆ ಸರಿಸಿ ಸ್ವಿಚ್ಚು ಒತ್ತಿದ. ಫ್ಯಾನು ತಿರುಗಿತು. ಕಪ್ಪು ಪರದೆಯ ಮೇಲೆ ಸಾಲುಗಳು ಸರಸರನೆ ಏರಿ ಕೊನೆಗೆ ಹೆಸರು ಹೇಳೆಂದು ಕೇಳುತ್ತ ನಿಂತವು. ಪರಮೇಶ್ ಕೈ ಮುಗಿದ. ಗಣಪಯ್ಯನವರೂ ಬಂದು, ಕಾಯಿಹೋಳು ತಗೊಂಡು, "ಎದ್ದಿತಲ್ಲ ಮಾರಾಯ" ಎಂದು ಸಮಾಧಾನದಿಂದ ಕುರ್ಚಿಗೆ ಒರಗಿದರು. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

ಭದ್ರಾವತಿಯ ಹಳೇನಗರದಿಂದ ಶೀಲಾ. ಅಲ್ಲೊಂದು ಆಸ್ಪತ್ರೆಯ ಕಾಂಪೌಂಡಿನಲ್ಲೇ ರಕ್ತನಿಧಿಯ ಸಣ್ಣ ಶಾಖೆಯಿತ್ತು. ಒಂದು ಫ್ರಿಜ್ಜು, ಒಂದು ಕಂಪ್ಯೂಟರು, ತನ್ನದೇ ಲೈನಿನ ಒಂದು ಮೋಡೆಮ್, ಜೊತೆಗೆ ಶೀಲಾ.

"ಪರಮೇಶಣ್ಣ, ನಿಮ್ಮ ಸರ್ವರ್ ನಿನ್ನೆ ತಿಂದ ಹೋಳಿಗೆ ಇನ್ನೂ ಅರಗಿಸ್ಕೊಳ್ತಿದೆಯಾ? ನನ್ನ ಜೊತೆ ಮಾತೇ ಆಡ್ತಿಲ್ಲ."

"ಎದ್ದಿದೆಯಲ್ಲೇ ಮಾರಾಯ್ತಿ, ಈಗ ತಾನೇ ಕಾಯಿ ಒಡೆದೆ. ಲೈನು ನೋಡು."

"ಲೈನು ಸರಿ ಇದೆ. ಮೋಡೆಮ್ ಕಿರುಚಿಕೊಂಡು ಕನೆಕ್ಟ್ ಆಗುತ್ತೆ, ಆಮೇಲೆ ಸರ್ವರ್ ಸಿಗಲಿಲ್ಲ ಅನ್ನುತ್ತೆ. ಬೇಗ ನೋಡಿ ಅಣ್ಣ. ಇಲ್ಲಿ ಧರ್ಮೇಂದ್ರ ಬಂದು ನಿಂತಿದ್ದಾನೆ."

ಪರಮೇಶನ ಮುಖದ ನಗು ಮಾಯವಾಯಿತು. ಧರ್ಮೇಂದ್ರ ನ್ಯೂಟೌನಿನಲ್ಲಿ ಆಟೋ ಓಡಿಸುವವನು. ಅವನ ಮಗಳು ಇಂಪನಾಳಿಗೆ ಹುಟ್ಟಿನಿಂದಲೇ ಮೈಯಲ್ಲಿ ಸಾಕಷ್ಟು ರಕ್ತ ಹುಟ್ಟದ ಕಾಯಿಲೆ. ಕೆಲವು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸಬೇಕು. ಗುಂಪು ಬೇರೆ ಓ ನೆಗೆಟಿವ್, ನೂರಾರು ಜನರಲ್ಲಿ ಹುಡುಕಿದರೆ ಯಾರೋ ಒಬ್ಬರಲ್ಲಿ ಸಿಗುವಂಥದ್ದು. ಅವಳ ಸರದಿ ಬರುವ ಮೊದಲೇ ಶೀಲಾ ಪಟ್ಟಿ ತೆಗೆದು ಒಬ್ಬ ದಾನಿಯನ್ನು ಗೊತ್ತು ಮಾಡಿಡುತ್ತಿದ್ದಳು. ಈ ಸಲ ಜ್ವರ ಬಂದು ಮಗು ಸರದಿಗೆ ಮೊದಲೇ ಬಾಡಿಬಿಟ್ಟಿತ್ತು. ಇವತ್ತೇ ಏರಿಸಬೇಕೆಂದು ಡಾಕ್ಟರು ಹೇಳಿದ್ದರು.

"ಫ್ರಿಜ್ಜಲ್ಲಿ ಇಲ್ವಾ?"

"ಒಂದೇ ಒಂದು ಇದೆ. ಅದು ಕೆಂಚಪ್ಪನೋರಿಗೆ ಇಟ್ಟಿರೋದು. ನಾಳೆ ಬೆಳಿಗ್ಗೆ ಸೊಂಟದ ಆಪರೇಷನ್."

ಗಣಪಯ್ಯನವರು ತಮ್ಮ ನೆನಪಿನ ದಾನಿಗಳಿಗೆ ಫೋನು ಹಚ್ಚಿದರು. ಭೂತಪ್ಪ ಮೇಷ್ಟ್ರು ಹೋದ ತಿಂಗಳಷ್ಟೇ ಕೊಟ್ಟಿದ್ದರು, ಮತ್ತೆ ತೆಗೆಯುವಂತಿಲ್ಲ. ಇನ್ನೊಬ್ಬರು ತಿರುಪತಿಗೆ ಹೋಗಿದ್ದರು. ನೆನಪು ಅಲ್ಲಿಗೆ ಮುಗಿಯಿತು. ಕಂಪ್ಯೂಟರು ಬಂದ ಮೇಲೆ ಹಳೆಯ ಕಾರ್ಡುಗಳನ್ನು ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಎಸೆದಿದ್ದರು. ಹೊಸ ದಾನಿಗಳ ಹೆಸರು, ಗುಂಪು, ಊರು, ಕಳೆದ ಸಲ ಯಾವಾಗ ಕೊಟ್ಟರು ಎಂಬುದೆಲ್ಲ ಇದ್ದದ್ದು ಆ ಯೂನಿಕ್ಸ್ ಯಂತ್ರದ ಹೊಟ್ಟೆಯಲ್ಲಿ. ಹೊರಗಿನ ಕೌಂಟರಿನ ವಿಂಡೋಸ್ ಯಂತ್ರವಾಗಲಿ, ಭದ್ರಾವತಿಯದಾಗಲಿ ಕೇಳಿದ್ದನ್ನು ಒಳಗೆ ಮುಟ್ಟಿಸಿ ಉತ್ತರ ತಂದುಕೊಡಲು ಅಲ್ಲೊಂದು ಪ್ರೋಗ್ರಾಮು ಸದಾ ಓಡುತ್ತಿರಬೇಕು. ಕಮ್ಯುನಿಕೇಶನ್ ಸರ್ವರ್ ಎಂದು ಅದರ ಹೆಸರು. ಕಣಜದ ತುಂಬ ಧಾನ್ಯವಿದ್ದು, ಅಳೆದು ಕೊಡುವವನು ಮಲಗಿಬಿಟ್ಟಂತೆ ಆಗಿತ್ತು ಈಗ. ಯಂತ್ರ ಎದ್ದಿತ್ತು, ಅದರೊಳಗಿನ ಮಾತುಗಾರ ಎದ್ದಿರಲಿಲ್ಲ.

ಅದನ್ನು ಕೂರಿಸಿ ಹೋದ ಬೆಂಗಳೂರಿನ ಕಂಪನಿಯ ನಂಬರಿಗೆ ಪರಮೇಶ್ ಫೋನು ಮಾಡಿದ. ಆ ನಂಬರೇ ಈಗ ಚಾಲ್ತಿಯಲ್ಲಿಲ್ಲವೆಂದು ಒಂದು ಹೆಣ್ಣುದನಿ ಮೂರು ಭಾಷೆಗಳಲ್ಲಿ ಹೇಳಿತು.

ಅಷ್ಟರಲ್ಲಿ ಮತ್ತೆ ಶೀಲಾಳ ಫೋನು. ಈ ಸಲ ಆಸ್ಪತ್ರೆಯ ವಾರ್ಡಿನಿಂದ.

"ಅಣ್ಣ, ಧರ್ಮೇಂದ್ರ ಇಲ್ಲಿ ಯಾರಿಗೂ ಏನೂ ಕೇಳ್ಲಿಲ್ಲ. ಮಗುನ ಹೆಗಲಿಗೆ ಹಾಕ್ಕೊಂಡು ಬೆಂಚಿನ ಮೇಲೆ ಕೂತಿದ್ದ, ಅಷ್ಟೆ. ಕೆಂಚಪ್ಪನೋರೇ ಸಿಸ್ಟರ್ ಹತ್ರ ವಿಚಾರಿಸಿ, ನಂದು ಮಗುಗೆ ಹಾಕ್ರಿ ಅಂತಿದ್ದಾರೆ. ಅವರ ಮನೆಯೋರು ಜಗಳ ಆಡ್ತಿದ್ದಾರೆ. ನಿಮ್ಮ ಜೊತೆ ಮಾತಾಡ್ಬೇಕಂತೆ."

ಸಿಸ್ಟರ್ ಮೇಜಿನ ಫೋನನ್ನು ಮಂಚದ ತನಕ ಎಳೆದದ್ದು, ಅದರ ವಯರು ಯಾವುದೋ ಸ್ಟೂಲನ್ನು ಕೆಡವಿದ್ದು ಇಲ್ಲಿಗೇ ಕೇಳಿಸಿತು. ಕೆಂಚಪ್ಪ ಕಾರ್ಖಾನೆಯಲ್ಲಿ ಕ್ರೇನು ಓಡಿಸಿ ನಿವೃತ್ತರಾದವರು. ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆ ಆಪರೇಷನ್ ಮಾಡುವ ಡಾಕ್ಟರು ದಾವಣಗೆರೆಯಿಂದ ಬರಬೇಕು. ನಾಳೆ ಬಿಟ್ಟರೆ ಅವರು ಮತ್ತೆ ಬರುವುದು ದೀಪಾವಳಿ ಕಳೆದ ಮೇಲೆ. ರಕ್ತದ ಚೀಲ ಕಣ್ಣಿಗೆ ಕಾಣದೆ ಅವರು ಕತ್ತಿ ಮುಟ್ಟುವವರಲ್ಲ.

"ಏನಪ್ಪಾ ಕಂಪ್ಯೂಟರ್ ಸ್ವಾಮಿ," ಎಂದರು ಕೆಂಚಪ್ಪ. "ಆ ಹುಡುಗಿ ನೋಡ್ದೆ. ಅಪ್ಪನ ಹೆಗಲ ಮೇಲೆ ಬಿಸಿಲಿಗೆ ಬಾಡಿದ ಸೊಪ್ಪಿನಂಗೆ ಮಲಗ್ಕೊಂಡದೆ. ನನ್ನ ಬಾಟ್ಲಿ ಅದಕ್ಕೆ ಕೊಡ್ರಿ. ಆದ್ರೆ ನಾಳೆ ಡಾಕ್ಟ್ರು ಕೈ ತೊಳ್ಕೊಳೋ ಹೊತ್ತಿಗೆ ನನಗೆ ಅದು ವಾಪಸ್ ಬರ್ಬೇಕು. ತರ್ತೀಯಾ?"

ಹಿಂದಿನಿಂದ ಅವರ ಹೆಂಡತಿ ದುರ್ಗಮ್ಮನ ದನಿ: "ತರ್ತಾರೆ, ತರ್ತಾರೆ! ಹಬ್ಬದ ದಿನ ಇವರಿಗೆ ರಕ್ತ ಬೇರೆ ಸಿಗ್ತದೆ. ಹಾಸಿಗೆ ಮೇಲೆ ಕಾಲು ಮಡಚಕ್ಕಾಗಲ್ಲ, ದಾನ ಮಾಡಕ್ಕೆ ಹೊರಟ್ರು ದೊಡ್ಡ ಮನುಷ್ಯ! ಹದಿನೈದು ದಿನ ನಿಮ್ಮ ಬೆಡ್‌ಪ್ಯಾನ್ ಎತ್ತೋಳು ನಾನು ಕಣ್ರೀ!"

"ನೀನ್ ಸುಮ್ನಿರೆ. ಸಾಲ ಕೊಡ್ತಿದೀನಿ, ದಾನ ಅಲ್ಲ. ಹೇಳಪ್ಪಾ, ತರ್ತೀಯಾ?"

ಪರಮೇಶನ ಕಣ್ಣ ಮುಂದೆ ಹಾರ ಹಾಕಿಕೊಂಡು ಮೂಕವಾಗಿ ಕೂತ ಯಂತ್ರವಿತ್ತು. ಪಟ್ಟಿಯಲ್ಲಿ ಯಾರಿದ್ದಾರೋ, ಇದ್ದಾರೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. "ತರ್ತೀನಿ ಸರ್" ಎಂದ.

"ಹಾಗಾದ್ರೆ ಏರಿಸ್ರಮ್ಮ" ಎಂದು ಕೆಂಚಪ್ಪ ಅತ್ತ ಹೇಳಿದ್ದು ಕೇಳಿಸಿತು. ಫೋನು ಇಟ್ಟರು.

ಈಗ ಪರಮೇಶ್ ಯಂತ್ರದ ಮುಂದೆ ಕೂತ. ಯಜಮಾನನ ಹೆಸರಿನಲ್ಲಿ, ಅಂದರೆ ಯೂನಿಕ್ಸಿನವರು ರೂಟ್ ಎನ್ನುವ ಹೆಸರಿನಲ್ಲಿ, ಒಳಗೆ ಹೋಗಿ ಹುಡುಕಿದ. ಆ ಪ್ರೋಗ್ರಾಮು ಒಂದು ಮೂಲೆಯಲ್ಲಿ ಇತ್ತು. ಅದರ ಹೆಸರನ್ನು ಟೈಪು ಮಾಡಿ ಓಡಿಸಿದ. ತನ್ನ ಕಾನ್ಫಿಗರೇಶನ್ ಫೈಲು, ಅಂದರೆ ಹೇಗೆ ಓಡಬೇಕೆಂದು ಬರೆದಿಟ್ಟ ಕಡತ, ಎಲ್ಲೆಂದು ಗೊತ್ತಿಲ್ಲ ಎಂದು ಒಂದು ಸಾಲು ಹೇಳಿ ಅದು ನಿಂತುಬಿಟ್ಟಿತು. ಮತ್ತೆ ಓಡಿಸಿದ. ಅದೇ ಸಾಲು.

"ಬೈಕೊಂಡ್ರೆ ಏಳಲ್ಲ ಅದು," ಎಂದರು ಗಣಪಯ್ಯ. ಪರಮೇಶ್ ಬೈದಿರಲಿಲ್ಲ; ತುಟಿ ಅಲ್ಲಾಡಿದ್ದು ಅಮ್ಮನವರ ಹೆಸರಿಗೆ. ತಾನು ಕಣ್ಣು ತೆರೆದು ನೋಡದೆ ಮಾಡಿದ್ದನ್ನು ನೋಡಿ ಸರಿಮಾಡುವ ಬುದ್ಧಿ ಕೊಡು ತಾಯಿ, ಅಷ್ಟೇ ಕೇಳಿಕೊಂಡಿದ್ದು. ಕೇಳಿಕೊಳ್ಳುತ್ತಿದ್ದಂತೆ ಮನಸ್ಸು ತುಸು ನಿಂತಿತು. ನಿಂತ ಮನಸ್ಸಿಗೆ ಒಂದು ಯೋಚನೆ ಬಂತು. ಭದ್ರಾವತಿಯ ಯಂತ್ರದಲ್ಲೂ ಇದೇ ಪ್ರೋಗ್ರಾಮಿದೆ, ಅಲ್ಲಿನ ಫ್ರಿಜ್ಜಿನ ಲೆಕ್ಕಕ್ಕೆ. ಅದು ವಿಂಡೋಸ್ ಎನ್‌ಟಿ. ಅಲ್ಲಿ ಅದು ದಿನಾ ತಾನಾಗಿ ಏಳುತ್ತದೆಂದರೆ, ಏಳಿಸುವವರು ಯಾರೋ ಒಳಗೆ ಇರಲೇಬೇಕಲ್ಲ? ಅದು ಯಾರೆಂದು ಅಲ್ಲಿ ನೋಡಿದರೆ ಇಲ್ಲಿಯ ದಾರಿ ತಿಳಿದೀತು. ಭದ್ರಾವತಿಯ ಶಾಖೆಗೆ ಫೋನು ಹಚ್ಚಿದ.

"ಶೀಲಾ, ನಿನ್ನ ಯಂತ್ರದಲ್ಲಿ ಕಂಟ್ರೋಲ್ ಪ್ಯಾನೆಲ್ ತೆಗಿ. ಸರ್ವೀಸಸ್ ಅಂತ ಇದೆ, ನೋಡು."

"ಇದೆ. ಉದ್ದದ ಪಟ್ಟಿ ಬಂತು. ನಮ್ಮದು... ಸಿಕ್ತು. ಮುಂದೆ ಆಟೋಮ್ಯಾಟಿಕ್ ಅಂತ ಬರ್ದಿದೆ."

"ಹಾಂ. ಅದಕ್ಕೇ ನಿನ್ನದು ತಾನಾಗಿ ಏಳುತ್ತೆ. ಅದರ ಮೇಲೆ ಎರಡು ಸಲ ಒತ್ತು. ಯಾರ ಹೆಸರಲ್ಲಿ ಓಡುತ್ತೆ ಅಂತ ಬರ್ದಿರುತ್ತೆ."

"ನನ್ನ ಹೆಸರಲ್ಲಂತೂ ಅಲ್ಲ. ಸಂಬಳಾನೂ ನನ್ನ ಹೆಸರಲ್ಲಿ ಸರಿಯಾಗಿ ಓಡಲ್ಲ. ತಾಳಿ... ‘ಡಿಬಿಸರ್ವ್’ ಅಂತ ಇದೆ. ಯಾರಣ್ಣ ಇವನು? ನಮ್ಮ ಸ್ಟಾಫಲ್ಲಿ ಇಲ್ವಲ್ಲ?"

ಪರಮೇಶ್ ಎದ್ದು ನಿಂತುಬಿಟ್ಟ. ಇಲ್ಲಿಯ ಯೂನಿಕ್ಸಿನ ಬಳಕೆದಾರರ ಹೆಸರುಗಳಲ್ಲಿ ಅದನ್ನು ಅವನು ಎಷ್ಟೋ ಸಲ ನೋಡಿದ್ದ. ಯಾರೂ ಆ ಹೆಸರಿನಲ್ಲಿ ಒಳಗೆ ಬಂದದ್ದೇ ಇಲ್ಲ, ಯಾವುದೋ ಹಳೆಯ ಕಸ ಎಂದುಕೊಂಡಿದ್ದ. ಆ ಪ್ರೋಗ್ರಾಮು ಯಜಮಾನ ಕರೆದರೆ ಏಳುವುದಿಲ್ಲ, ತನ್ನವನೇ ಕರೆಯಬೇಕು. ಅದರ ಮನೆಮಠ, ಫೈಲುಗಳ ದಾರಿ, ಎಲ್ಲ ಗೊತ್ತಿರುವುದು ಅವನಿಗೆ.

"ಇನ್ನು ಕಾನ್ಫಿಗರೇಶನ್ ಫೈಲು ತೆಗಿ. ಪೋರ್ಟ್ ನಂಬರ್ ಓದಿ ಹೇಳು."

ಪ್ರೋಗ್ರಾಮು ಯಾವ ಬಾಗಿಲಲ್ಲಿ ಕಾಯಬೇಕೆಂದು ಹೇಳುವ ಆ ನಂಬರನ್ನು ಅವಳು ಓದಿದಳು. ಅವನು ಆ ಹೆಸರಿಗೆ ಬದಲಾಗಿ ಒಳಹೊಕ್ಕು ಇಲ್ಲಿನ ಫೈಲು ತೆಗೆದ. ಸಾಲುಗಳು ಒಂದೊಂದಾಗಿ ಹೊಂದಿದವು. ಅಲ್ಲಿ ಸಿ ಡ್ರೈವಿನ ದಾರಿ ಇದ್ದ ಕಡೆ ಇಲ್ಲಿ ಓರೆಗೆರೆಗಳ ದಾರಿ, ನಂಬರು ಒಂದೇ. ಎಲ್ಲ ಸರಿಯಿದೆ ಎನ್ನಿಸಿ ಓಡಿಸಿದ.

‘ಸರ್ವರ್ ಈಗಾಗಲೇ ಓಡುತ್ತಿದೆ’ ಎಂಬರ್ಥದ ಸಾಲು ಬಂತು.

"ಓಡ್ತಿದೆಯಂತೆ!" ಎಂದ ಪರಮೇಶ್.

"ಎಲ್ಲಿಗೆ?" ಎಂದಳು ಶೀಲಾ. "ಇಲ್ಲಿಗಂತೂ ಬಂದಿಲ್ಲ."

ಯಂತ್ರದಲ್ಲಿ ಓಡುತ್ತಿರುವವುಗಳನ್ನೆಲ್ಲ ಪಟ್ಟಿ ಮಾಡಿ ನೋಡಿದ. ಅದರ ಸುಳಿವಿಲ್ಲ. ಹಾಗಾದರೆ ಸುಳ್ಳೇಕೆ ಹೇಳುತ್ತಿದೆ? ಕೂತು ಯೋಚಿಸಿದ. ನಿನ್ನೆ ತಾನು ಯಂತ್ರ ನಿಲ್ಲಿಸಿದ ಕ್ರಮವನ್ನು ಮೊದಲಿನಿಂದ ನೆನೆದ. ಯಂತ್ರಕ್ಕೆ ನಿಲ್ಲೆಂದು ಹೇಳಿದ್ದ, ಹಾರ ಹಾಕಿದ್ದ. ಒಳಗಿನ ಮಾತುಗಾರನಿಗೆ ಮೊದಲು ಹೇಳಿ, ಅವನು ಬಾಗಿಲು ಹಾಕಿಕೊಂಡ ಮೇಲೆ ಯಂತ್ರ ನಿಲ್ಲಿಸಬೇಕಿತ್ತು. ಹೇಳದೆ ನಿಲ್ಲಿಸಿದ್ದರಿಂದ, ‘ಒಳಗೆ ಜನ ಇದ್ದಾರೆ’ ಎಂದು ಬಾಗಿಲಿಗೆ ತೂಗುಹಾಕಿದ್ದ ಗುರುತು ಹಾಗೇ ಉಳಿದುಹೋಗಿತ್ತು. ಲಾಕ್ ಫೈಲು. ಇವತ್ತು ಎದ್ದು ಬಂದ ಪ್ರೋಗ್ರಾಮು ಆ ಗುರುತು ನೋಡಿ, ನಾನು ಒಳಗೇ ಇದ್ದೇನೆಂದು ತಿಳಿದು ಹಿಂದಕ್ಕೆ ಹೋಗುತ್ತಿತ್ತು.

ಫೈಲು ಕಂಡಿತು. ಬೆರಳು ಅಳಿಸುವ ಆಜ್ಞೆಯ ಮೇಲೆ ನಿಂತಿತು. ತಪ್ಪಾದರೆ? ಒಳಗಿನ ಹೆಸರುಗಳಿಗೇನಾದರೂ ಆದರೆ?

"ಅಳಿಸಬೇಡ," ಎಂದರು ಗಣಪಯ್ಯ, ಅವನ ಮುಖ ನೋಡಿಯೇ. "ಪಕ್ಕಕ್ಕೆ ಎತ್ತಿಡಕ್ಕೆ ಬರಲ್ವಾ? ಬೇಕಾದ್ರೆ ವಾಪಸ್ ಇಟ್ಟರಾಯ್ತು."

ಬರುತ್ತಿತ್ತು. ಪರಮೇಶ್ ಅದರ ಹೆಸರು ಬದಲಿಸಿ ಪಕ್ಕಕ್ಕಿಟ್ಟ. ಮತ್ತೊಮ್ಮೆ ಓಡಿಸಿದ. ಈ ಸಲ ಸಾಲು ಬರಲಿಲ್ಲ. ಮುಳ್ಳಿನಂತೆ ಮಿನುಗುವ ಕರ್ಸರ್ ಮಾತ್ರ. ಓಡುವವುಗಳ ಪಟ್ಟಿ ನೋಡಿದರೆ ಅದರಲ್ಲಿ ಡಿಬಿಸರ್ವ್ ತಣ್ಣಗೆ ಕೂತಿದ್ದ.

"ಬಂತು!" ಎಂದು ಫೋನಿನಲ್ಲಿ ಶೀಲಾ ಕೂಗಿದಳು. "ಬಂತಣ್ಣ, ಪಟ್ಟಿ ಬಂತು! ಓ ನೆಗೆಟಿವ್ ಹಾಕ್ತೀನಿ. ಕೊಟ್ಟು ಮೂರು ತಿಂಗಳು ದಾಟಿರೋರು... ಒಬ್ಬರೇ. ಉಜ್ಜನಪ್ಪ. ಹೋದ ವರ್ಷ ನಮ್ಮ ಕ್ಯಾಂಪಲ್ಲಿ ಬರ್ಸಿದ್ದು. ಕೆಲಸ ಕಾವಾಡಿ. ಸಕ್ರೆಬೈಲು ಆನೆ ಬಿಡಾರ. ಫೋನ್ ನಂಬರ್ ಇಲ್ಲ."

"ಫೋನ್ ಇಲ್ದಿದ್ರೆ ಏನು, ಆನೆ ಇದೆಯಲ್ಲ, ಗುರುತು ಸಿಗುತ್ತೆ," ಎಂದು ಗಣಪಯ್ಯ ತಮ್ಮ ಬಜಾಜ್ ಸ್ಕೂಟರಿನ ಕೀಲಿಯನ್ನು ಅವನ ಕೈಗಿತ್ತರು. "ಡಾಕ್ಟರಿಗೂ ಟೆಕ್ನಿಷಿಯನ್ನಿಗೂ ನಾನು ಹೇಳಿ ಕರೆಸ್ತೀನಿ. ನಿಧಾನ ಹೋಗು. ಬ್ರೇಕು ನಂಬಬೇಡ."

ಮಂಜು ಅಷ್ಟು ಹೊತ್ತಿಗೆ ಹರಿದಿತ್ತು. ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು ದಾಟಿ ಬಿಡಾರ ಮುಟ್ಟುವಾಗ ಆನೆಗಳು ನೀರಿನಿಂದ ಎದ್ದು ಬರುತ್ತಿದ್ದವು. ಕಾವಾಡಿ ಎಂದರೆ ಮಾವುತನ ಕೈಕೆಳಗಿನವನು. ಆನೆಯ ಮೈ ಉಜ್ಜುವುದು, ಮೇವು ಕಟ್ಟುವುದು ಅವನ ಕೆಲಸ. ಉಜ್ಜನಪ್ಪ ಒಂದು ಹೆಣ್ಣಾನೆಯ ಹಣೆಗೆ ಅರಿಸಿನ ಕುಂಕುಮ ಹಚ್ಚುತ್ತಿದ್ದ. ತೆಳ್ಳಗಿನ, ಉದ್ದನೆಯ ಆಳು. ಪರಮೇಶ್ ಬಂದ ಕೆಲಸ ಹೇಳಿದ. ಎಲ್ಲ ಕೇಳಿದ ಉಜ್ಜನಪ್ಪ ಕೈ ಒರೆಸಿಕೊಂಡು, "ಬರ್ತೀನಿ ನಡೀರಿ" ಎಂದ. ಅಷ್ಟೇ.

ಪರಮೇಶನಿಗೆ ಅಷ್ಟು ಸಲೀಸಾಗಿದ್ದೇ ಅನುಮಾನವಾಗಿ, "ಏನಾದ್ರೂ ತಿಂದಿದ್ದೀರಾ?" ಎಂದು ಕೇಳಿದ.

"ಇಲ್ಲ ಸ್ವಾಮಿ. ಇವತ್ತು ಸಂಜೆ ಬನ್ನಿ ಮುಡಿಯೋ ತನಕ ಉಪವಾಸ. ಹರಕೆ. ನೀರೂ ಮುಟ್ಟಲ್ಲ."

ಪರಮೇಶ್ ಸ್ಕೂಟರಿನ ಹ್ಯಾಂಡಲ್ ಹಿಡಿದು ನಿಂತ. ಬರಿಹೊಟ್ಟೆಯವನಿಂದ ರಕ್ತ ತೆಗೆಯಲು ಡಾಕ್ಟರು ಒಪ್ಪುವುದಿಲ್ಲ. ಸಂಜೆಯ ತನಕ ಕಾದರೆ, ರಕ್ತ ತೆಗೆದು ಪರೀಕ್ಷೆಗಳನ್ನೆಲ್ಲ ಮುಗಿಸಿ ನಾಳೆ ಬೆಳಿಗ್ಗೆಗೆ ಚೀಲ ಭದ್ರಾವತಿ ಸೇರುವುದಿಲ್ಲ. ಹರಕೆ ಮುರಿಯೆಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. ನಿನ್ನೆ ಇಡೀ ದಿನ ಒಂದು ಯಂತ್ರದ ಕ್ರಮ ಮುರಿಯಬಾರದೆಂದು ಕೂತವನು ಅವನು. ಇನ್ನೊಬ್ಬನ ಹರಕೆಯ ಬಗ್ಗೆ ಹೇಗೆ ಹೇಳಿಯಾನು?

"ಉಪವಾಸ ಇದ್ರೆ ತಗೊಳಲ್ಲ ಉಜ್ಜನಪ್ಪನೋರೆ," ಎಂದಷ್ಟೇ ಹೇಳಿದ. "ತಲೆ ಸುತ್ತಿ ಬೀಳ್ತೀರ ಅಂತಾರೆ."

"ಹಾಗಾ?"

"ಹೌದು."

ಉಜ್ಜನಪ್ಪ ಆನೆಯ ಸೊಂಡಿಲಿನ ಮೇಲೆ ಒಮ್ಮೆ ಕೈಯಾಡಿಸಿದ. ಆಮೇಲೆ ನೀರಿನ ಅಂಚಿಗೆ ಹೋಗಿ, ಚಪ್ಪಲಿ ಬಿಟ್ಟು, ಹೊಳೆಯ ಆಚೆ ಕಾಡಿನ ಕಡೆ ಮುಖ ಮಾಡಿ ಕೈಮುಗಿದು ನಿಂತ. ಬಾಯಲ್ಲಿ ಏನೋ ಹೇಳಿಕೊಂಡ. ಯಾರೋ ದೊಡ್ಡವರ ಹತ್ತಿರ ರಜೆ ಕೇಳುವವನ ನಿಲುವು ಅದು. ಬಗ್ಗಿ ನೀರು ತಗೊಂಡು ಕಣ್ಣಿಗೆ ಒತ್ತಿಕೊಂಡು ಬಂದ.

"ತಾಯಿಗೆ ಹೇಳಿದೀನಿ. ನಾಳೆ ಮಾಡ್ತೀನಿ ಅಂದೆ. ಗಾಜನೂರಲ್ಲಿ ಮಂಡಕ್ಕಿ ಮೆಣಸಿನಕಾಯಿ ಚೆನ್ನಾಗಿ ಮಾಡ್ತಾನೆ ಒಬ್ಬ, ನಿಲ್ಸಿ."

"ಅದೆಲ್ಲ ಬೇಡ ಮಾರಾಯ್ರೇ, ಇಡ್ಲಿ ತಿನ್ನಿ."

"ಹರಕೆ ಬಿಡ್ಸಿದ್ದು ಇಡ್ಲಿಗಾ?" ಎಂದು ನಕ್ಕ ಉಜ್ಜನಪ್ಪ. ಇಡ್ಲಿಯನ್ನೂ ತಿಂದ, ಮೆಣಸಿನಕಾಯಿಯನ್ನೂ ಬಿಡಲಿಲ್ಲ.

ಮಧ್ಯಾಹ್ನಕ್ಕೆ ರಕ್ತನಿಧಿಯ ಮಂಚದ ಮೇಲೆ ಮಲಗಿ, ಕೈಯಲ್ಲಿ ಚೆಂಡು ಹಿಸುಕುತ್ತ, ಗೋಡೆಯ ಮೇಲಿನ ಹಾಲಮ್ಮನವರ ಫೋಟೋ ನೋಡುತ್ತ ಅವನು ರಕ್ತ ಕೊಟ್ಟ. ಚೀಲ ತುಂಬಿತು. ಪರೀಕ್ಷೆಗಳಿಗೆ ಟೆಕ್ನಿಷಿಯನ್ ಕೂತ. ಇನ್ನು ಪರಮೇಶ್ ಮಾಡಬಹುದಾದ್ದೇನೂ ಅದರಲ್ಲಿರಲಿಲ್ಲ.

ಅವನು ಒಳಕೋಣೆಗೆ ಹೋಗಿ ಬಾಕಿ ಕೆಲಸಕ್ಕೆ ಕೂತ. ಯೂನಿಕ್ಸ್ ಏಳುವಾಗ ಓದಿಕೊಳ್ಳುವ ಆಜ್ಞೆಗಳ ನಡುವೆ ಇನ್ನೊಂದನ್ನು ಬರೆದ: ಯಂತ್ರ ಎದ್ದು ಜಾಲ ಸಿದ್ಧವಾದ ಮೇಲೆ ಡಿಬಿಸರ್ವ್ ಹೆಸರಿನಲ್ಲಿ ಮಾತುಗಾರನನ್ನು ಎಬ್ಬಿಸು. ನಿಲ್ಲುವಾಗ ಓದುವ ಆಜ್ಞೆಗಳಲ್ಲಿ: ಮೊದಲು ಅವನಿಗೆ ಹೇಳು, ಅವನು ಮುಗಿಸಿದ ಮೇಲೆ ನೀನು ಮಲಗು. ಭದ್ರಾವತಿಯ ಯಂತ್ರ ಹುಟ್ಟುವಾಗಲೇ ಕಲಿತು ಬಂದದ್ದನ್ನು ಇದಕ್ಕೆ ಕೈಹಿಡಿದು ಹೇಳಿಕೊಡಬೇಕಿತ್ತು, ಯಾರೂ ಹೇಳಿರಲಿಲ್ಲ. ಬರೆದದ್ದು ಸರಿಯೋ ಎಂದು ನೋಡುವುದಕ್ಕೆ ಇದ್ದದ್ದು ಒಂದೇ ದಾರಿ. ಗಣಪಯ್ಯನವರ ಮುಂದೆ ಹೋಗಿ ನಿಂತ.

"ಸರ್, ಇನ್ನೊಂದು ಸಲ ನಿಲ್ಲಿಸ್ಲಾ?"

ಗಣಪಯ್ಯ ಅವನನ್ನು ಉದ್ದಕ್ಕೆ ನೋಡಿದರು. "ಪಟ್ಟಿ ಪ್ರಿಂಟ್ ತೆಗೆದಿದೀಯಾ?"

"ತೆಗೆದಿದೀನಿ."

"ಹಾಗಾದ್ರೆ ನಿಲ್ಸು. ಕಾಯಿ ಮಾತ್ರ ಮುಗಿದಿದೆ ಕಣಪ್ಪ, ಈ ಸಲ ಒಣ ಕೈಯಲ್ಲೇ ಎಬ್ಬಿಸ್ಬೇಕು."

ನಿಲ್ಲಿಸಿದ. ಎಬ್ಬಿಸಿದ. ಫ್ಯಾನಿನ ಸದ್ದು ಏರಿತು, ಸಾಲುಗಳು ಓಡಿದವು, ಮಧ್ಯದಲ್ಲಿ ಅವನೇ ಬರೆದ ಸಾಲೊಂದು ಬಂದು ಹೋಯಿತು. ಹೊರಗಿನ ಕೌಂಟರಿನಲ್ಲಿ ಯಾರೂ ಏನೂ ಮುಟ್ಟದೆ ಪಟ್ಟಿ ತೆರೆಯಿತು. "ಮುಂದಿನ ವರ್ಷಾನೂ ರಜ ಕೊಡಪ್ಪ ಅದಕ್ಕೆ," ಎಂದರು ಗಣಪಯ್ಯ. "ಏಳೋದು ಹೇಗೆ ಅಂತ ಈಗ ಗೊತ್ತಾಯ್ತಲ್ಲ."

ಸಂಜೆ ಪರೀಕ್ಷೆಗಳ ಫಲ ಬಂತು. ಎಲ್ಲ ಸರಿಯಿತ್ತು. ಶೀಲಾ ಫೋನು ಮಾಡಿ, ಮಗುವಿಗೆ ರಕ್ತ ಏರಿದೆ, ಜ್ವರ ಇಳಿದಿಲ್ಲ ಆದರೆ ಬಿಸ್ಕತ್ತು ಕೇಳಿದ್ದಾಳೆ ಎಂದಳು. ದುರ್ಗಮ್ಮ ಯಾರ ಜೊತೆಯೂ ಮಾತಾಡದೆ ಕೂತಿದ್ದಾರೆ ಎಂದೂ ಹೇಳಿದಳು.

ಮರುದಿನ ಬೆಳಕು ಹರಿಯುವಾಗ ಪರಮೇಶ್ ಐಸ್ ತುಂಬಿದ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಭದ್ರಾವತಿಯ ಬಸ್ಸು ಹತ್ತಿದ. ಕಂಡಕ್ಟರು "ಏನ್ರೀ ಅದು, ಮೀನಾ?" ಎಂದ. ಪರಮೇಶ್ ಹೌದೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಬಸ್ಸು ಕುಲುಕಿದಾಗಲೆಲ್ಲ ಎರಡೂ ಕೈಯಿಂದ ಪೆಟ್ಟಿಗೆಯನ್ನು ಎತ್ತಿ ಹಿಡಿದುಕೊಂಡ. ಭದ್ರಾ ಸೇತುವೆ ದಾಟುವಾಗ ಮನಸ್ಸಿನಲ್ಲೇ ನದಿಗೆ ಕೈ ಮುಗಿದ, ಕೈ ಬಿಡುವಂತಿರಲಿಲ್ಲ.

ಆಸ್ಪತ್ರೆಯ ಗೇಟಿನಲ್ಲಿ ಧರ್ಮೇಂದ್ರ ಕಾಯುತ್ತಿದ್ದ. ರಾತ್ರಿ ನಿದ್ದೆ ಮಾಡಿದವನಂತೆ ಕಾಣಲಿಲ್ಲ. ಖಾಕಿ ಅಂಗಿಯ ಗುಂಡಿ ಒಂದು ಮೇಲೆ ಕೆಳಗಾಗಿತ್ತು.

"ಸರ್," ಎಂದ ಅವನು, ಪೆಟ್ಟಿಗೆಯ ಕಡೆ ನೋಡುತ್ತ. "ಅದನ್ನ ನಾನು ತಗೊಂಡು ಹೋಗ್ಲಾ?"

ನಿಯಮದ ಪ್ರಕಾರ ಕೊಡುವಂತಿರಲಿಲ್ಲ. ಶೀಲಾ ಬಂದು ಚೀಲದ ಮೇಲಿನ ಗುರುತು ನೋಡಿ, ಕೆಂಚಪ್ಪನವರ ರಕ್ತದ ಜೊತೆ ಹೊಂದಿಸಿ ಸರಿಯೆಂದು ಬರೆದುಕೊಂಡ ಮೇಲೆ ಪರಮೇಶ್ ಪೆಟ್ಟಿಗೆಯನ್ನು ಅವನ ಕೈಗಿತ್ತ. ಅಲ್ಲಿಂದ ವಾರ್ಡಿಗೆ ಒಂದು ಅಂಗಳ ದಾಟಬೇಕು, ಅಷ್ಟೇ. ಧರ್ಮೇಂದ್ರ ಅದನ್ನು ತುಂಬಿದ ಕೊಡದಂತೆ ಹಿಡಿದು ನಡೆದ. ಪರಮೇಶ್ ಹಿಂದಿನಿಂದ ಹೋದ.

ಕೆಂಚಪ್ಪ ಎಚ್ಚರವಾಗಿದ್ದರು. ದುರ್ಗಮ್ಮ ಒದ್ದೆ ಬಟ್ಟೆಯಲ್ಲಿ ಅವರ ಮುಖ ಒರೆಸುತ್ತಿದ್ದಳು. ಹೊರಗೆ ದಾವಣಗೆರೆಯ ಡಾಕ್ಟರ ಕಾರು ಬಂದು ನಿಂತ ಸದ್ದಾಯಿತು. ಧರ್ಮೇಂದ್ರ ಒಳಗೆ ಬಂದು ಮಂಚದ ಪಕ್ಕದಲ್ಲಿ ನಿಂತ. ದುರ್ಗಮ್ಮ ಅವನ ಮುಖ ನೋಡಿದಳು, ಪೆಟ್ಟಿಗೆಯನ್ನು ನೋಡಿದಳು, ಆಮೇಲೆ ಸ್ಟೂಲಿನ ಮೇಲಿದ್ದ ತನ್ನ ಫ್ಲಾಸ್ಕು, ಲೋಟಗಳನ್ನು ಕೆಳಗಿಟ್ಟು ಜಾಗ ಮಾಡಿದಳು.

ಧರ್ಮೇಂದ್ರ ಬಗ್ಗಿ, ಸದ್ದಾಗದಂತೆ, ಪೆಟ್ಟಿಗೆಯನ್ನು ಅಲ್ಲಿಟ್ಟ.